ಬೇಸಿಗೆಯ ಸಂಶೋಧನಾ ತರಬೇತಿಗೆ ಅರ್ಜಿ: ಗಡಿನಾಡ ತಮ್ಮ ತಂಗಿಯರ ಜೊತೆ ಒಂದಿಷ್ಟು ಮಾತು

(ಗಡಿ ತಾಲ್ಲೂಕುಗಳ ಪದವಿ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹರೂಪ. ಬಹಳ ಮಂದಿ ಕೇಳಿದ್ದರಿಂದ ಇಲ್ಲಿ ಹಾಕ್ತಿದ್ದೇವೆ.)



ಶಾಲೆಗೆ ಕನ್ನಡ ಬಲ್ಲ ಮೇಷ್ಟ್ರನ್ನ ಹಾಕಿ, ಕಚೇರಿಯಲ್ಲಿ ಕನ್ನಡದ ಅರ್ಜಿ ತಗೊಳ್ಳಿ, ಪಠ್ಯಪುಸ್ತಕ ಜೂನ್‌ನಲ್ಲೇ ಕೊಡಿ, ಹೀಗೆ ಕೇಳೋದರಲ್ಲೇ ನಮ್ಮ ದಿನ ಕಳೆಯುತ್ತೆ. ಅದು ನಿಲ್ಲೋದಿಲ್ಲ. ಆದರೆ ಇವತ್ತು ಸರ್ಕಾರವನ್ನ ಕೇಳೋ ವಿಷಯ ಇಲ್ಲ. ಇವತ್ತಿನ ಕೆಲಸ ನೀವೇ ಮಾಡಬೇಕಾದ್ದು.

ಬಿಎಸ್ಸಿಯಲ್ಲಿ ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ, ಜೀವರಸಾಯನಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ ಓದ್ತಿರೋರು ಇಲ್ಲಿದ್ದೀರಿ. ನರ್ಸಿಂಗ್, ಫಾರ್ಮಸಿ ಓದೋರೂ ಇದ್ದೀರಿ, ಎಂಬಿಬಿಎಸ್ ಸೀಟು ಸಿಕ್ಕವರೂ ಇದ್ದೀರಿ. ದೊಡ್ಡ ಪ್ರಯೋಗಾಲಯದಲ್ಲಿ ಎರಡು ತಿಂಗಳು ಕೂತು, ಒಬ್ಬ ವಿಜ್ಞಾನಿಯ ಕೈಕೆಳಗೆ ಸಂಶೋಧನೆ ಅಂದ್ರೆ ಏನು ಅಂತ ಕಲಿಯೋ ಅವಕಾಶ ನಮ್ಮ ದೇಶದಲ್ಲಿದೆ. ಫೀಸು ಕಟ್ಟಬೇಕಿಲ್ಲ, ಅವರೇ ಖರ್ಚಿಗೆ ಕೊಡ್ತಾರೆ. ನಮ್ಮ ತಾಲ್ಲೂಕುಗಳಿಂದ ಇದಕ್ಕೆ ಅರ್ಜಿ ಹಾಕೋರು ಬಹಳ ಕಡಿಮೆ ಅನ್ನೋದು ನಾವು ನಾಲ್ಕೈದು ವರ್ಷದಿಂದ ಮಕ್ಕಳ ಜೊತೆ ಕೂತು ನೋಡಿದ ಮಾತು.

ನಾವು ವಿಜ್ಞಾನ ಓದಿದವರಲ್ಲ. ಓದಿದ್ದು ಬಿಕಾಂ, ಕೆಲಸ ಬ್ಯಾಂಕಿನ ಕೌಂಟರಿನಲ್ಲಿ. ಪ್ರಯೋಗಾಲಯದ ಒಳಗಿನ ಸಂಗತಿ ಹೇಳೋ ಯೋಗ್ಯತೆ ನಮಗಿಲ್ಲ. ಆದರೆ ಅರ್ಜಿ ಓದೋದು, ಯಾವ ಅರ್ಜಿ ಎಲ್ಲಿ ತಪ್ಪಿ ವಾಪಸ್ ಬರುತ್ತೆ ಅಂತ ನೋಡೋದು ನಮ್ಮ ದಿನನಿತ್ಯದ ಕೆಲಸ. ಅಷ್ಟರ ಮಟ್ಟಿಗೆ ಕೇಳಿ.

ಮೊದಲು, ಬಾಗಿಲು ಯಾವುದು

ಮುಖ್ಯವಾಗಿ ಎರಡು ಹೇಳ್ತೀವಿ.

ಒಂದು, ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸೋ ಬೇಸಿಗೆ ಸಂಶೋಧನಾ ಫೆಲೋಶಿಪ್. ಸರ್ ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿ, ದೆಹಲಿಯ ಭಾರತೀಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ, ಪ್ರಯಾಗರಾಜದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ, ಈ ಮೂರು. ವಿದ್ಯಾರ್ಥಿಗಳೂ ಹಾಕಬಹುದು, ಕಾಲೇಜು ಅಧ್ಯಾಪಕರೂ ಹಾಕಬಹುದು. ಆಯ್ಕೆಯಾದರೆ ದೇಶದ ಯಾವುದಾದರೂ ಸಂಸ್ಥೆಯ ವಿಜ್ಞಾನಿಯೊಬ್ಬರ ಹತ್ತಿರ ಎರಡು ತಿಂಗಳು ಕಳಿಸ್ತಾರೆ. ಹೋಗಿಬರೋ ರೈಲು ಖರ್ಚು, ತಿಂಗಳ ಭತ್ಯೆ ಸಿಗುತ್ತೆ. ಕೊನೆಗೆ ವರದಿ ಬರೆದು ಕೊಡಬೇಕು.

ಇನ್ನೊಂದು, ಎಂಬಿಬಿಎಸ್, ಬಿಡಿಎಸ್ ಓದೋರಿಗೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದ್ರೆ ಐಸಿಎಂಆರ್, 1979ರಿಂದ ಕೊಡ್ತಿರೋ ಅಲ್ಪಾವಧಿ ವಿದ್ಯಾರ್ಥಿವೇತನ. ಎಸ್‌ಟಿಎಸ್ ಅಂತ ಕರೀತಾರೆ. ಇದಕ್ಕೆ ಊರು ಬಿಡಬೇಕಿಲ್ಲ. ನಿಮ್ಮ ಕಾಲೇಜಿನಲ್ಲೇ ಒಬ್ಬ ಪ್ರಾಧ್ಯಾಪಕರನ್ನ ಮಾರ್ಗದರ್ಶಕರಾಗಿ ಒಪ್ಪಿಸಿ, ಎರಡು ತಿಂಗಳಲ್ಲಿ ಮುಗಿಯೋ ಸಣ್ಣ ಅಧ್ಯಯನವೊಂದರ ಪ್ರಸ್ತಾವ ಕಳಿಸಬೇಕು. ಈಚಿನ ವರ್ಷಗಳಲ್ಲಿ ಇದರ ಮೊತ್ತ 50,000 ರೂಪಾಯಿ. ವರದಿ ಒಪ್ಪಿಗೆಯಾದ ಮೇಲೆ ಹಣ.

ಇವಲ್ಲದೆ ಬೆಂಗಳೂರು ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವೂ ಬೇಸಿಗೆ ಫೆಲೋಶಿಪ್ ಕೊಡುತ್ತೆ. ಕೊನೇ ದಿನಾಂಕ, ಅಂಕದ ಮಿತಿ, ಯಾವ ವರ್ಷದಲ್ಲಿ ಓದೋರಿಗೆ ಅವಕಾಶ ಅನ್ನೋದನ್ನ ಆಯಾ ವರ್ಷದ ಪ್ರಕಟಣೆಯಲ್ಲೇ ಓದಿ. ವಾಟ್ಸಾಪಿನಲ್ಲಿ ಬಂದ ಹಳೇ ಚಿತ್ರ ನಂಬಬೇಡಿ. ಒಂದು ಮಾತು ನೆನಪಿಡಿ: ಕೆಲಸ ಬೇಸಿಗೆಯಲ್ಲಿದ್ದರೂ ಅಕಾಡೆಮಿಗಳ ಅರ್ಜಿ ಕರೆಯೋದು ಅದರ ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲಿ. ಏಪ್ರಿಲ್‌ನಲ್ಲಿ ಎದ್ದು ಹುಡುಕಿದರೆ ಬಾಗಿಲು ಹಾಕಿರುತ್ತೆ.

"ಅದು ನಮ್ಮಂಥವರಿಗಲ್ಲ ಅಣ್ಣಾ"

ಕೂತು ಮಾತಾಡಿದಾಗ ಮೊದಲು ಬರೋ ಉತ್ತರ ಇದೇ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ, ಆಮೇಲೆ ಮಲಯಾಳಂ, ತಮಿಳು, ಮರಾಠಿ ಇಲ್ಲಾ ತೆಲುಗು ಮಾತಾಡೋ ಕಾಲೇಜು, ಪರೀಕ್ಷೆ ಇಂಗ್ಲಿಷಿನಲ್ಲಿ. ಯಾವ ಭಾಷೆಯಲ್ಲೂ ನಾವು ಪೂರ್ತಿ ಇಲ್ಲ ಅನ್ನೋ ಸಂಕೋಚ. ಕಾಲೇಜಿನ ಹೆಸರು ಯಾರಿಗೂ ಗೊತ್ತಿಲ್ಲ ಅನ್ನೋದು ಇನ್ನೊಂದು.

ಅರ್ಜಿಯಲ್ಲಿ ಏನು ಕೇಳ್ತಾರೆ ನೋಡಿ. ಅಂಕಪಟ್ಟಿ, ಅಧ್ಯಾಪಕರ ಶಿಫಾರಸು ಪತ್ರ, ಯಾಕೆ ಬರ್ತೀರಿ, ಏನು ಮಾಡಬೇಕು ಅಂದ್ಕೊಂಡಿದ್ದೀರಿ ಅನ್ನೋ ಚಿಕ್ಕ ಬರಹ. ಯಾವ ಮಾಧ್ಯಮದಲ್ಲಿ ಓದಿದ್ರಿ ಅನ್ನೋದು ಅಲ್ಲಿ ಲೆಕ್ಕಕ್ಕಿಲ್ಲ. ಅಂಕ ನಿಮ್ಮಲ್ಲಿ ಬಹಳ ಜನಕ್ಕೆ ಚೆನ್ನಾಗೇ ಇದೆ. ಸೋಲೋದು ಆ ಚಿಕ್ಕ ಬರಹದಲ್ಲಿ. ನಾವು ನೋಡಿದ ಕರಡುಗಳಲ್ಲಿ ಹೆಚ್ಚಿನವು ಒಂದೇ ಥರ ಇದ್ದವು: "ಚಿಕ್ಕಂದಿನಿಂದಲೂ ನನಗೆ ವಿಜ್ಞಾನದಲ್ಲಿ ಅಪಾರ ಆಸಕ್ತಿ. ಕ್ಯಾನ್ಸರ್‌ಗೆ ಔಷಧಿ ಕಂಡುಹಿಡಿದು ದೇಶಸೇವೆ ಮಾಡುವುದು ನನ್ನ ಗುರಿ." ಇದನ್ನ ಯಾರು ಬೇಕಾದರೂ ಬರೀಬಹುದು. ಓದೋರಿಗೆ ನೀವು ಯಾರು ಅಂತ ಗೊತ್ತೇ ಆಗಲ್ಲ.

ಹಾಗಾದ್ರೆ ಏನು ಬರೀಬೇಕು? ನಿಮ್ಮ ಊರಿನಿಂದ ಶುರುಮಾಡಿ ಅಂತೀವಿ ನಾವು. ಅದು ಊರಿನ ಅಭಿಮಾನಕ್ಕೆ ಹೇಳೋ ಮಾತಲ್ಲ. ನಿಮ್ಮ ಹತ್ತಿರ ಇರೋ ನಿಜವಾದ ಪ್ರಶ್ನೆ ಅಲ್ಲಿದೆ.

ಪ್ರಶ್ನೆ ನಮ್ಮ ಅಂಗಳದಲ್ಲೇ ಇದೆ

ಕಾಸರಗೋಡಿನವರು ಎಣ್ಮಕಜೆ, ಪಡ್ರೆ ಅಂದ ಕೂಡಲೇ ತಲೆ ಆಡಿಸ್ತೀರಿ. ಗೇರು ತೋಟಕ್ಕೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ್ರು. ಅದರ ಮೇಲೆ ಐಸಿಎಂಆರ್‌ನದೇ ಸಂಸ್ಥೆಯಾದ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಅಧ್ಯಯನ ಮಾಡಿತು. 2003ರಲ್ಲಿ ಪ್ರಕಟವಾದ ಒಂದು ಪ್ರಬಂಧದಲ್ಲಿ ತೋಟದ ಬುಡದ ಊರಿನ 117 ಗಂಡುಮಕ್ಕಳನ್ನ ಪರೀಕ್ಷಿಸಿದ್ರು. ಹೋಲಿಕೆಗೆ ಸಿಂಪಡಣೆ ಇಲ್ಲದ ಕಡೆಯ 90 ಮಕ್ಕಳು. ವಿಷ ತಗುಲಿದ ಮಕ್ಕಳು ಪ್ರಾಯಕ್ಕೆ ಬರೋದು ತಡವಾಗಿರಬಹುದು ಅಂತ ಅದು ಹೇಳಿತು. ಸುಪ್ರೀಂ ಕೋರ್ಟು 2011ರಲ್ಲಿ ಈ ಕೀಟನಾಶಕವನ್ನ ದೇಶಾದ್ಯಂತ ತಡೆಯಿತು.

ಇಲ್ಲಿ ಕಲಿಯೋದೇನು? ಆ 90 ಮಕ್ಕಳನ್ನ ಯಾಕೆ ನೋಡಿದ್ರು ಅನ್ನೋದು. ಕಾಯಿಲೆ ಇದ್ದವರನ್ನ ಮಾತ್ರ ನೋಡಿದ್ರೆ ಕಾರಣ ಗೊತ್ತಾಗಲ್ಲ. ಜೊತೆಗೆ ಇಟ್ಟು ನೋಡೋಕೆ ಇನ್ನೊಂದು ಗುಂಪು ಬೇಕು. ಜೀವವೈದ್ಯಕೀಯ ಸಂಶೋಧನೆಯ ಅರ್ಧ ಪಾಠ ಇದರಲ್ಲೇ ಇದೆ ಅಂತ ನಮ್ಮ ಜೊತೆ ಕೂರೋ ಮೇಷ್ಟ್ರೊಬ್ಬರು ಹೇಳ್ತಾರೆ.

ವಯನಾಡು, ನೀಲಗಿರಿ, ಗೋವಾದವರಿಗೆ ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ರೋಗ, ಉಣುಗಿನಿಂದ ಹರಡೋದು. ಬಹಳ ಕಾಲ ಮಲೆನಾಡಿನದು ಅಂತಲೇ ಅಂದ್ಕೊಂಡಿದ್ರು. 2012ರಿಂದೀಚೆಗೆ ಬಂಡೀಪುರ, ನೀಲಗಿರಿ, ವಯನಾಡಿನಲ್ಲಿ ಕಾಣಿಸಿತು, 2015ರಲ್ಲಿ ಗೋವಾದ ಸತ್ತರಿಯಲ್ಲೂ. ಮೂರು ರಾಜ್ಯದ ಆಚೆ ಈಚೆ ಒಂದೇ ಕಾಡು, ಒಂದೇ ಉಣುಗು. ಮಲಯಾಳಂನಲ್ಲಿ ಕುರಂಙುಪನಿ ಅಂತಾರೆ, ಕಾಯಿಲೆ ಅದೇ.

ನೀಲಗಿರಿ ಇನ್ನೊಂದು ಕಾರಣಕ್ಕೂ ಮುಖ್ಯ. ಭಾರತದಲ್ಲಿ ಕುಡಗೋಲು ಕಣ ರಕ್ತಹೀನತೆ, ಸಿಕಲ್ ಸೆಲ್ ಅಂತೀವಲ್ಲ, ಅದರ ವಂಶವಾಹಿ ಗುಣವನ್ನ 1952ರಲ್ಲಿ ಮೊದಲು ವರದಿ ಮಾಡಿದ್ದು ನೀಲಗಿರಿಯ ಬುಡಕಟ್ಟು ಜನರಲ್ಲಿ. ರಾಯದುರ್ಗ, ಮಡಕಶಿರಾ ಕಡೆಯವರಿಗೆ ಬೋರ್‌ವೆಲ್ ನೀರಿನ ಫ್ಲೋರೈಡು, ಮಕ್ಕಳ ಹಲ್ಲಿನ ಕಂದು ಕಲೆ ಹೊಸದಲ್ಲ. ಸೊಲ್ಲಾಪುರದ ತಂಗಿಯೊಬ್ಬಳು ಬೀಡಿ ಕಟ್ಟೋ ಮನೆಯಿಂದ ಬಂದಿದ್ರೆ, ತಂಬಾಕಿನ ಧೂಳು ಉಸಿರಾಟಕ್ಕೆ ಏನು ಮಾಡುತ್ತೆ ಅನ್ನೋ ಪ್ರಶ್ನೆ ಅವಳ ಅಮ್ಮನ ಕೆಮ್ಮಿನಲ್ಲೇ ಇದೆ.

ಒಂದು ಮಾದರಿ ಹೇಳ್ತೀವಿ, ನಕಲು ಮಾಡಬೇಡಿ. "ನಮ್ಮೂರಿನಲ್ಲಿ ಬೋರ್‌ವೆಲ್ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಇದೆ. ಬಾವಿ ನೀರಿನ ಓಣಿಯಲ್ಲಿ ಕಡಿಮೆ. ಹಲ್ಲಿನ ಎನಾಮಲ್ ಬೆಳೆಯುವಾಗ ಫ್ಲೋರೈಡು ಜೀವಕೋಶಗಳಿಗೆ ಏನು ಮಾಡುತ್ತದೆ ಎಂದು ಓದಿದೆ. ನಮ್ಮ ಕಾಲೇಜಿನಲ್ಲಿ ಸೂಕ್ಷ್ಮದರ್ಶಕದವರೆಗೆ ಕಲಿತಿದ್ದೇನೆ, ಜೀವಕೋಶ ಬೆಳೆಸುವುದನ್ನು ನೋಡಿಲ್ಲ. ಈ ಎರಡು ತಿಂಗಳಲ್ಲಿ ಅದನ್ನು ಕಲಿಯಬೇಕು." ಇಷ್ಟೇ. ಇದರಲ್ಲಿ ಕಂಡದ್ದು ಇದೆ, ಓದಿದ್ದು ಇದೆ, ಬರೋದು ಏನು, ಬಾರದ್ದು ಏನು ಅನ್ನೋದೂ ಇದೆ. ಇದನ್ನ ಓದಿದ ವಿಜ್ಞಾನಿಗೆ ಈ ಮಗುವಿಗೆ ಏನು ಕಲಿಸಬೇಕು ಅಂತ ಗೊತ್ತಾಗುತ್ತೆ.

ಮೊದಲು ಕನ್ನಡದಲ್ಲಿ ಬರೀರಿ. ಯೋಚನೆ ನೇರವಾದ ಮೇಲೆ ಇಂಗ್ಲಿಷಿಗೆ ತನ್ನಿ. ಸಣ್ಣ ಸಣ್ಣ ವಾಕ್ಯ ಸಾಕು. ಯಂತ್ರದ ಕೈಲಿ ಬರೆಸಿ ದೊಡ್ಡ ದೊಡ್ಡ ಪದ ತುಂಬಬೇಡಿ. ಸಂದರ್ಶನ ಅಂತ ಬಂದರೆ ಆ ಪದದ ಅರ್ಥ ನಿಮ್ಮನ್ನೇ ಕೇಳ್ತಾರೆ.

ಇಲ್ಲಿ ಸ್ವಲ್ಪ ಕಹಿ ಮಾತು. ನಾವು ಅಲ್ಪಸಂಖ್ಯಾತರು, ನಮಗೆ ಅನ್ಯಾಯವಾಗಿದೆ, ಆದ್ದರಿಂದ ಅವಕಾಶ ಕೊಡಿ ಅಂತ ಆ ಬರಹದಲ್ಲಿ ಬರೀಬೇಡಿ. ಅನ್ಯಾಯ ನಿಜ, ಅದನ್ನ ಕೇಳೋ ಜಾಗ ಬೇರೆ, ಅಲ್ಲಿ ನಾವಿದ್ದೇವೆ. ಆದರೆ ಭಾಷೆಯನ್ನ ಬಲ ಅಂತ ಬರೆಯೋಕೆ ಸಂಕೋಚ ಬೇಡ. ಜನರ ಮೇಲೆ ಅಧ್ಯಯನ ಮಾಡೋವಾಗ ಅವರಿಗೆ ತಿಳಿಯೋ ಭಾಷೆಯಲ್ಲಿ ವಿವರಿಸಿ ಒಪ್ಪಿಗೆ ಪಡೀಬೇಕು ಅಂತ ಐಸಿಎಂಆರ್‌ನ ನೀತಿಸಂಹಿತೆಯೇ ಹೇಳುತ್ತೆ. ಮಂಜೇಶ್ವರದ ಒಂದು ಮನೆಗೆ ಹೋಗಿ ತುಳು, ಕನ್ನಡ, ಮಲಯಾಳಂ ಮೂರರಲ್ಲೂ ಅಜ್ಜಿ ಜೊತೆ ಮಾತಾಡಬಲ್ಲ ಹುಡುಗ, ತಾಳವಾಡಿಯಲ್ಲಿ ಕನ್ನಡ ತಮಿಳು ಎರಡರಲ್ಲೂ ರೋಗಿಯ ಮಾತು ಕೇಳಿ ಬರೆದುಕೊಳ್ಳಬಲ್ಲ ಹುಡುಗಿ, ಇಂಥವರು ಬೇಕಾದ ಅಧ್ಯಯನಗಳು ಇವೆ. ನೀವು ಬಲ್ಲ ಭಾಷೆಗಳ ಹೆಸರು ಬರೀರಿ.

ಮಾರ್ಗದರ್ಶಕರು, ಶಿಫಾರಸು ಪತ್ರ

ಅಕಾಡೆಮಿಗಳ ಅರ್ಜಿಯಲ್ಲಿ ಯಾರ ಹತ್ತಿರ ಕೆಲಸ ಮಾಡೋಕೆ ಇಷ್ಟ ಅಂತ ಸೂಚಿಸೋ ಅವಕಾಶ ಇರುತ್ತೆ. ಪಟ್ಟಿಯಲ್ಲಿ ದೊಡ್ಡ ಹೆಸರು ನೋಡಿ ಗುರುತು ಹಾಕೋದು ಬೇಡ. ಅವರ ಪ್ರಯೋಗಾಲಯದ ಪುಟಕ್ಕೆ ಹೋಗಿ, ಈಚೆಗೆ ಏನು ಮಾಡ್ತಿದ್ದಾರೆ ನೋಡಿ, ಒಂದು ಪ್ರಬಂಧದ ಸಾರಾಂಶವನ್ನಾದರೂ ಓದಿ. ಎಲ್ಲ ಅರ್ಥವಾಗದಿದ್ದರೂ ಪರವಾಗಿಲ್ಲ. ನಿಮ್ಮ ಬರಹ ಉಣುಗಿನ ಬಗ್ಗೆ, ಅವರ ಕೆಲಸ ಮೆದುಳಿನ ಬಗ್ಗೆ ಆದರೆ ಅದು ಹೊಂದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಜಿಕೆವಿಕೆ ಆವರಣದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಎಲ್ಲರ ಕಣ್ಣಿಗೂ ಬೀಳ್ತವೆ. ಹೊಸೂರಿನವರಿಗೆ ಬೆಂಗಳೂರು ಬಸ್ಸು ಹತ್ತಿದರೆ ಆಯ್ತು. ಆದರೆ ಪೈಪೋಟಿ ಜಾಸ್ತಿ ಇರೋದೂ ಅಲ್ಲೇ. ಬೇರೆ ಊರಿನ ಸಂಸ್ಥೆಗಳನ್ನೂ ನೋಡಿ.

ಶಿಫಾರಸು ಪತ್ರ ನಮ್ಮ ಮಕ್ಕಳನ್ನ ಹೆಚ್ಚು ಕಾಡೋ ವಿಷಯ. ನಮ್ಮ ಕಡೆ ಪ್ರಿನ್ಸಿಪಾಲರು ಕೊಡೋ ನಡತೆ ಪ್ರಮಾಣಪತ್ರವನ್ನೇ ಶಿಫಾರಸು ಅಂದ್ಕೊಳ್ತಾರೆ. ಅದಲ್ಲ ಇದು. ನಿಮಗೆ ಪಾಠ ಮಾಡಿದ, ಪ್ರಾಕ್ಟಿಕಲ್‌ನಲ್ಲಿ ನಿಮ್ಮ ಕೈ ಹೇಗೆ ಓಡುತ್ತೆ ಅಂತ ನೋಡಿದ ಮೇಷ್ಟ್ರು ಬರೀಬೇಕು. ಕೊನೇ ದಿನಕ್ಕೆ ಒಂದು ತಿಂಗಳ ಮೊದಲೇ ಹೋಗಿ ಕೇಳಿ. ಸುಮ್ಮನೆ "ಸಾರ್, ಒಂದು ಲೆಟರ್ ಬೇಕಿತ್ತು" ಅನ್ನಬೇಡಿ. ಪ್ರಕಟಣೆಯ ಪ್ರತಿ, ನಿಮ್ಮ ಅಂಕಪಟ್ಟಿ, ನೀವು ಬರೆದ ಆ ಚಿಕ್ಕ ಬರಹ, ಅವರ ತರಗತಿಯಲ್ಲಿ ನೀವು ಮಾಡಿದ ಒಂದೆರಡು ಕೆಲಸದ ಪಟ್ಟಿ ಕೊಡಿ. ಅವರೂ ನೂರು ಮಕ್ಕಳ ಮೌಲ್ಯಮಾಪನದ ನಡುವೆ ಇರ್ತಾರೆ. ವಾರಕ್ಕೊಮ್ಮೆ ವಿನಯದಿಂದ ನೆನಪಿಸಿ. ಮೇಷ್ಟ್ರಿಗೆ ಕನ್ನಡ ಬರಲ್ಲ, ನಮ್ಮ ಮೇಲೆ ಒಲವಿಲ್ಲ ಅಂತ ಮೊದಲೇ ತೀರ್ಮಾನ ಮಾಡಬೇಡಿ. ಮಲಯಾಳಿ, ಮರಾಠಿ ಮೇಷ್ಟ್ರು ರಾತ್ರಿ ಕೂತು ನಮ್ಮ ಮಕ್ಕಳಿಗೆ ಪತ್ರ ಬರೆದುಕೊಟ್ಟದ್ದನ್ನ ನಾವು ಕಂಡಿದ್ದೇವೆ.

ಎಂಬಿಬಿಎಸ್‌ನವರಿಗೆ ಒಂದು ಎಚ್ಚರಿಕೆ. ಎಸ್‌ಟಿಎಸ್ ಅಧ್ಯಯನಕ್ಕೆ ಕಾಲೇಜಿನ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಆ ಸಮಿತಿ ದಿನಾ ಕೂರಲ್ಲ. ಅದು ಯಾವಾಗ ಕೂರುತ್ತೆ ಅನ್ನೋದನ್ನ ಮಾರ್ಗದರ್ಶಕರ ಹತ್ತಿರ ಮೊದಲ ದಿನವೇ ಕೇಳಿ.

ಕಾಗದಪತ್ರ, ಬ್ಯಾಂಕು

ಈಗ ನಮ್ಮ ಕೌಂಟರಿನ ವಿಷಯ.

ಗಡಿನಾಡಿನವರ ಹೆಸರು ಮೂರು ಕಡೆ ಮೂರು ಥರ. ಕೇರಳ, ತಮಿಳುನಾಡಿನಲ್ಲಿ ಹೆಸರಿನ ಜೊತೆ ಇನಿಷಿಯಲ್. ಮಹಾರಾಷ್ಟ್ರದಲ್ಲಿ ಅಡ್ಡಹೆಸರು, ತಂದೆ ಹೆಸರು ಸೇರುತ್ತೆ. ಆಂಧ್ರ, ತೆಲಂಗಾಣದಲ್ಲಿ ಮನೆತನದ ಹೆಸರು ಮೊದಲು. ಕನ್ನಡದ ಹೆಸರನ್ನ ಬೇರೆ ಭಾಷೆಯವರು ಇಂಗ್ಲಿಷಿಗೆ ಇಳಿಸುವಾಗ ಅಕ್ಷರ ಬದಲಾಗುತ್ತೆ. ಹತ್ತನೇ ತರಗತಿ ಅಂಕಪಟ್ಟಿ, ಆಧಾರ್, ಪಾಸ್‌ಬುಕ್ ಮೂರನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಇವತ್ತೇ ನೋಡಿ. ವ್ಯತ್ಯಾಸ ಇದ್ದರೆ ಅಂಕಪಟ್ಟಿಯನ್ನ ಆಧಾರವಾಗಿಟ್ಟುಕೊಂಡು ಉಳಿದದ್ದನ್ನ ಸರಿಮಾಡಿಸಿ. ಅರ್ಜಿಯಲ್ಲೂ ಅದೇ ಹೆಸರು ಹಾಕಿ.

ಶಾಲೆಯಲ್ಲಿದ್ದಾಗ ವಿದ್ಯಾರ್ಥಿವೇತನಕ್ಕೆ ಅಂತ ತೆರೆದ ಖಾತೆ ಬಹಳ ಜನಕ್ಕೆ ಇದೆ. ಹದಿನೆಂಟು ತುಂಬಿದ ಮೇಲೆ ಅದನ್ನ ವಯಸ್ಕರ ಖಾತೆಯಾಗಿ ಬದಲಾಯಿಸಬೇಕು, ಹೊಸ ಸಹಿ, ಹೊಸ ಕೆವೈಸಿ ಕೊಡಬೇಕು. ಎರಡು ವರ್ಷ ವಹಿವಾಟು ಇಲ್ಲದಿದ್ದರೆ ಖಾತೆ ನಿಷ್ಕ್ರಿಯ ಆಗುತ್ತೆ. ಪೂರ್ತಿ ದಾಖಲೆ ಇಲ್ಲದೆ ತೆರೆದ ಸಣ್ಣ ಖಾತೆಯಾದರೆ ಅದರಲ್ಲಿ 50,000ಕ್ಕಿಂತ ಹೆಚ್ಚು ಬಾಕಿ ಇಡೋ ಹಾಗಿಲ್ಲ. ಆಯ್ಕೆಯಾಗಿ, ಕೆಲಸ ಮುಗಿಸಿ, ಹಣ ಬಂದು ವಾಪಸ್ ಹೋಗೋದು ಬೇಡ. ಶಾಖೆಗೆ ಒಂದು ಬೆಳಿಗ್ಗೆ ಹೋಗಿ ಬನ್ನಿ.

ಇನ್ನೊಂದು, ಭತ್ಯೆ ಬರೋದು ಹೋದ ಮೇಲೆ. ಮೊದಲ ದಿನಗಳ ರೈಲು, ಊಟ, ವಸತಿಗೆ ಕೈಯಲ್ಲಿ ಹಣ ಬೇಕು. ಬೇಸಿಗೆಗೆ ಮುಂಚೆ ಸ್ವಲ್ಪ ಕೂಡಿಡಿ. ಆಗದಿದ್ದರೆ ನಮಗೆ ಹೇಳಿ, ಕೈಲಾದ್ದನ್ನ ಸೇರಿಸೋಣ. ಟಿಕೆಟು ಎಸೆಯಬೇಡಿ.

ಮನೆಯವರ ಒಪ್ಪಿಗೆ

ತಂಗಿಯರಿಗೆ ಬೇರೆಯಾಗಿ ಒಂದು ಮಾತು. ಎಷ್ಟೋ ಅರ್ಜಿ ನಿಲ್ಲೋದು ಮನೆಯ ಹೊಸಿಲಲ್ಲಿ. ಎರಡು ತಿಂಗಳು ಗೊತ್ತಿಲ್ಲದ ಊರು ಅಂದರೆ ಅಮ್ಮನಿಗೆ ಭಯ ಆಗೋದು ಸಹಜ. ಆಯ್ಕೆಯಾದ ಮೇಲೆ ಹೇಳೋಣ ಅಂತ ಮುಚ್ಚಿಡಬೇಡಿ. ಅರ್ಜಿ ಹಾಕೋವಾಗಲೇ ಹೇಳಿ. ಯಾವ ಸಂಸ್ಥೆ, ಹಾಸ್ಟೆಲ್ ಎಲ್ಲಿ, ಜೊತೆಗೆ ಯಾರು ಇರ್ತಾರೆ ಅನ್ನೋದನ್ನ ಕಾಗದದಲ್ಲಿ ತೋರಿಸಿ. ನಿಮ್ಮ ಮೇಷ್ಟ್ರ ಕೈಲಿ ಒಂದು ಫೋನು ಮಾಡಿಸಿ. ಬೇಕಾದ್ರೆ ನಾವೂ, ನಮ್ಮ ಮನೆಯ ಹೆಂಗಸರೂ ಬಂದು ಮಾತಾಡ್ತೀವಿ.

ಆಗದಿದ್ದರೆ

ಆಯ್ಕೆ ಆಗದೆ ಇರಬಹುದು. ದೇಶದ ಎಲ್ಲ ಕಡೆಯಿಂದ ಅರ್ಜಿ ಬರುತ್ತೆ, ಒಳ್ಳೇ ಅರ್ಜಿಯೂ ತಪ್ಪಿಹೋಗುತ್ತೆ. ಆ ಬರಹವನ್ನ ಇಟ್ಟುಕೊಳ್ಳಿ. ಅದೇ ಬರಹ ಹಿಡಿದು ಹತ್ತಿರದ ಸಂಸ್ಥೆಯ ಬಾಗಿಲು ತಟ್ಟಿ. ಕಾಸರಗೋಡಿನವರಿಗೆ ಪೆರಿಯದಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಇದೆ, ಊರ ಪಕ್ಕದಲ್ಲೇ ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆ ಇದೆ. ಮಿಂಚಂಚೆಯಲ್ಲಿ ಹತ್ತು ಸಾಲು ಬರೆದು ಕೇಳಿದರೆ ಹತ್ತರಲ್ಲಿ ಒಬ್ಬರಾದರೂ ಉತ್ತರ ಕೊಡ್ತಾರೆ. ಮುಂದಿನ ವರ್ಷ ಅದೇ ಅನುಭವ ಅರ್ಜಿಯಲ್ಲಿ ಒಂದು ಸಾಲಾಗುತ್ತೆ.

ಎಂಡೋಸಲ್ಫಾನಿನ ಕಾಲದಲ್ಲಿ ಅಹಮದಾಬಾದಿನಿಂದ ಬಂದವರು ನಮ್ಮ ಮನೆಗಳಲ್ಲಿ ರಕ್ತದ ಮಾದರಿ ತಗೊಂಡು ಹೋದರು. ಒಳ್ಳೇದೇ ಮಾಡಿದರು. ಆದರೆ ಆ ವರದಿ ಬಂದಾಗ ಅದನ್ನ ಓದಿ ಅಂಗಳದಲ್ಲಿ ಕೂತ ಹಿರಿಯರಿಗೆ ಕನ್ನಡದಲ್ಲಿ, ತುಳುವಿನಲ್ಲಿ ಬಿಡಿಸಿ ಹೇಳಬಲ್ಲವರು ಊರಿನಲ್ಲೇ ಬೇಕಲ್ವಾ? ಮುಂದಿನ ಸಲ ಮಾದರಿ ತಗೊಳ್ಳೋರ ತಂಡದಲ್ಲೇ ನಮ್ಮ ಒಬ್ಬ ಹುಡುಗಿ ಇರಲಿ ಅನ್ನೋದು ನಮ್ಮ ಆಸೆ.

ಈ ವಾರ ಮೂರು ಕೆಲಸ ಮಾಡಿ. ಅಂಕಪಟ್ಟಿ, ಆಧಾರ್, ಪಾಸ್‌ಬುಕ್ ಹೆಸರು ಹೋಲಿಸಿ. ಶಿಫಾರಸು ಕೇಳಬೇಕಾದ ಮೇಷ್ಟ್ರು ಯಾರು ಅಂತ ತೀರ್ಮಾನಿಸಿ. ಊರಿನಲ್ಲಿ ಕಂಡ ಒಂದು ಆರೋಗ್ಯದ ಪ್ರಶ್ನೆಯನ್ನ ಕನ್ನಡದಲ್ಲಿ ಅರ್ಧ ಪುಟ ಬರೆದು ನಮ್ಮ ಪುಟದ ಇನ್‌ಬಾಕ್ಸಿಗೆ ಕಳಿಸಿ. ನಮ್ಮ ಜೊತೆ ವಿಜ್ಞಾನದ ಮೇಷ್ಟ್ರುಗಳು ಇದ್ದಾರೆ, ಓದಿ ತಿದ್ದಿ ಕೊಡ್ತಾರೆ. ಹೋಗಿ ಬಂದವರು ಅಲ್ಲಿ ಮಾಡಿದ್ದನ್ನ ಕನ್ನಡದಲ್ಲಿ ಬರೆದು ಇಲ್ಲೇ ಹಾಕಬೇಕು, ನಮ್ಮ ಶರತ್ತು ಅದೊಂದೇ.